ಅಂಬಾಸಿಡರ್ ಬಾಗಿಲು ಇಳಿದಿದೆಯೇ? ಕೀಲಿಗೆ ಸ್ಪ್ಯಾನರ್ ಹಾಕುವ ಮುಂಚೆ ನೋಡಬೇಕಾದ್ದು

ನನ್ನ ಮಾರ್ಕ್ 3 ಅಂಬಾಸಿಡರ್‌ನ ಚಾಲಕನ ಬಾಗಿಲು ಮುಚ್ಚುವುದಕ್ಕೆ ಒಂದು ವಿಧಿಯೇ ಇತ್ತು. ಹಿಡಿಯನ್ನು ತುಸು ಮೇಲಕ್ಕೆತ್ತಬೇಕು, ಮೊಣಕಾಲನ್ನು ಕೆಳಮೂಲೆಗೆ ಒತ್ತಬೇಕು, ಆಮೇಲೆ ಸೊಂಟದಿಂದ ಒಂದು ಗುದ್ದು. ಮನೆಯವರೆಲ್ಲ ಕಲಿತಿದ್ದರು, ನೆಂಟರಿಗೆ ಕಲಿಸುವುದೇ ಕಷ್ಟವಾಗಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಬಾಗಿಲ ಕೀಲಿನ (ಹಿಂಜ್) ಬಳಿ ಮರದ ತುಂಡು ಸಿಕ್ಕಿಸಿ, ಬಾಗಿಲನ್ನು ಅದರ ಮೇಲೆ ಒತ್ತಿ ಬಗ್ಗಿಸಿ ಕೊಟ್ಟರು. ಮೂರು ವಾರ ಬೆಣ್ಣೆಯಂತೆ ಮುಚ್ಚಿತು. ಮತ್ತೆ ಕಚ್ಚಿತು. ಎರಡನೆಯ ಸಲ ಕೀಲಿನ ಬೋಲ್ಟ್ ಸಡಿಲಿಸಿ ಬಾಗಿಲನ್ನು ಮೇಲಕ್ಕೆ ಏರಿಸಿದರು. ಮೂರನೆಯ ಸಲ ಲಾಕನ್ನು ಅರದಿಂದ ಉಜ್ಜಿದರು. ನಾಲ್ಕನೆಯ ಸಲ ಬೇರೊಬ್ಬ ಹಿರಿಯ ಟಿಂಕರ್ (ಕಾರಿನ ತಗಡು ಕೆಲಸದವರು) ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಕಾಲಡಿಯ ರಬ್ಬರ್ ಹಾಸು ಎತ್ತಿ, ಬಾಗಿಲ ಹೊಸ್ತಿಲಿನ ಒಳಬದಿಗೆ ಸ್ಕ್ರೂಡ್ರೈವರ್ ಚುಚ್ಚಿದರು. ಅದು ಹಿಡಿಯವರೆಗೂ ಒಳಹೋಯಿತು. ಹೊರಗೆಳೆದಾಗ ತುದಿಗೆ ಸುತ್ತಿಕೊಂಡು ಬಂದದ್ದು ದಿನಪತ್ರಿಕೆಯ ಚೂರು. ಅಡಿಕೆ ಧಾರಣೆಯ ಪುಟ. ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ತೂತಿಗೆ ಕಾಗದ ತುರುಕಿ, ಮೇಲೆ ಪುಟ್ಟಿ ಬಳಿದು, ಬಣ್ಣ ಹೊಡೆದಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಹೊಸ್ತಿಲು ಕೊಳೆತದ್ದಕ್ಕೆ ಬಾಗಿಲು ಮೂರು ಸಲ ಏಟು ತಿಂದಿತ್ತು. ಹಳೆಯ ಕಾರಿನ ಬಾಗಿಲು ಬಹುಪಾಲು ಸಾಕ್ಷಿ ಮಾತ್ರ, ಅಪರಾಧಿ ಬೇರೆಡೆ ಇರುತ್ತಾನೆ. ಅವನನ್ನು ಹುಡುಕುವ ಕ್ರಮವನ್ನು ಅಂಬಾಸಿಡರ್ ಇಟ್ಟುಕೊಂಡು ಇಲ್ಲಿ ಹೇಳುತ್ತೇನೆ. ಪದ್ಮಿನಿಯಂಥ ಬೇರೆ ನಾಲ್ಕು ಬಾಗಿಲ ಹಳೆಯ ಕಾರುಗಳಿಗೂ ಇದು ಹೆಚ್ಚುಕಡಿಮೆ ಹೊಂದುತ್ತದೆ.

ಬಾಗಿಲಿಗೂ ಟಾಪಿಗೂ ಏನು ಸಂಬಂಧ

ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಲಾರಿಯಂತೆ ಗಟ್ಟಿ ಕಾಣುವುದರಿಂದ ಇದಕ್ಕೆ ಕೆಳಗೆ ಭಾರ ಹೊರುವ ಪ್ರತ್ಯೇಕ ಚೌಕಟ್ಟು, ಎಂದರೆ ಚಾಸಿ, ಇದೆ ಎಂದು ನಂಬಿದವರು ಬಹಳ. ಇಲ್ಲ. ನೆಲದ ತಗಡು, ಎರಡೂ ಬದಿಯ ಸಿಲ್ (ಬಾಗಿಲ ಹೊಸ್ತಿಲು), ಟಾಪನ್ನು ಹೊರುವ ಕಂಬಗಳು, ಟಾಪ್ ಎಲ್ಲ ಸೇರಿ ಬೆಸೆದ ಒಂದೇ ಡಬ್ಬಿ ಅದು. ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಎನ್ನುವುದು ಈ ಸಿಲ್ ಅನ್ನೇ. ಹೊರಗಿನಿಂದ ಅಲಂಕಾರದ ಪಟ್ಟಿಯಂತೆ ಕಂಡರೂ ಒಳಗೆ ಅದು ಟೊಳ್ಳಾದ ತೊಲೆ.

ಒಳಡಬ್ಬಿ ತೆಗೆದ ಬೆಂಕಿಪೊಟ್ಟಣದ ಹೊರಕವಚವನ್ನು ಬೆರಳುಗಳ ನಡುವೆ ಒತ್ತಿ ನೋಡಿ. ನಾಲ್ಕು ಮೂಲೆಯೂ ಒಟ್ಟಿಗೆ ವಾಲುತ್ತವೆ. ಕಾರಿನ ದೇಹವೂ ಹಾಗೆಯೇ. ಚಕ್ರಗಳ ನಡುವೆ ತೂಗುವ ಭಾರದಿಂದ ಕೆಳಗಿನ ಸಿಲ್ ಸದಾ ಎಳೆತದಲ್ಲಿರುತ್ತದೆ, ಮೇಲಿನ ಟಾಪ್ ಸದಾ ಒತ್ತಡದಲ್ಲಿರುತ್ತದೆ. ಸಿಲ್ ಸೋತರೆ ಕಂಬಗಳ ತಲೆಗಳು ಒಂದರತ್ತ ಒಂದು ವಾಲುತ್ತವೆ, ಬುಡಗಳು ದೂರ ಸರಿಯುತ್ತವೆ. ಟಾಪಿನ ಅಂಚಿಗೆ ತುಕ್ಕು ಹಿಡಿದಿದ್ದರೆ ವಾಲುವುದು ಇನ್ನೂ ಸಲೀಸು. ಬಾಗಿಲಿನ ಸುತ್ತಲಿನ ಸಂದಿನಲ್ಲಿ ಇದೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿರುತ್ತದೆ.

ಕೈಗೆ ಏನೇನು ಬೇಕು

ದುಬಾರಿಯದ್ದು ಏನೂ ಬೇಡ. ಸಂದು ಅಳೆಯಲು 2ರಿಂದ 9 ಮಿ.ಮೀ.ವರೆಗಿನ ಡ್ರಿಲ್ ಬಿಟ್‌ಗಳು ಸಾಕು. ಹಿಂಬದಿಯ ನುಣುಪು ತುದಿಯನ್ನು ಸಂದಿಗೆ ಹಾಕಿದರೆ ಯಾವುದು ಸರಿಯಾಗಿ ಕೂರುತ್ತದೋ ಅದೇ ಅಳತೆ. ಸ್ಕೇಲ್ ಹಿಡಿದು ಕಣ್ಣು ಕಿರಿದು ಮಾಡಿ ಓದುವುದಕ್ಕಿಂತ ಇದು ನಂಬಿಕಸ್ತ. ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ. ಜೊತೆಗೆ ತೂಗುಗುಂಡು, ಮಾಸ್ಕಿಂಗ್ ಟೇಪ್, ಪೆನ್ಸಿಲ್, ಟಾರ್ಚ್, ರಟ್ಟಿನ ಹಾಳೆ, ಒಂದರ ಪಕ್ಕ ಒಂದು ಜಾರಿಸಬಹುದಾದ ಎರಡು ನೇರ ಕೋಲು. ಜಾಕಿ, ಅದರ ಜೊತೆ ಗಟ್ಟಿ ಸ್ಟ್ಯಾಂಡ್‌ಗಳು. ಜಾಕಿಯೊಂದನ್ನೇ ನಂಬಿ ಕಾರಿನಡಿ ತಲೆ ಹಾಕಬೇಡಿ.

ಕಾರು ಸಮತಟ್ಟಾದ ಸಿಮೆಂಟ್ ನೆಲದ ಮೇಲಿರಲಿ. ನಾಲ್ಕೂ ಟೈರಿನ ಗಾಳಿ ಸರಿಯಿರಲಿ, ಡಿಕ್ಕಿ ಖಾಲಿಯಿರಲಿ, ಟಾಪಿನ ಮೇಲೆ ಕ್ಯಾರಿಯರ್ ಇದ್ದರೆ ಬಿಚ್ಚಿಡಿ.

ಮೊದಲು ಸುಳ್ಳು ಹೇಳುವವರನ್ನು ಹೊರಗೆ ಕಳಿಸಿ

ಇಬ್ಬರು ಇದ್ದಾರೆ. ಒಬ್ಬ ರಬ್ಬರ್ ಬೀಡಿಂಗ್, ಎಂದರೆ ಬಾಗಿಲ ಸುತ್ತ ನೀರು ತಡೆಯುವ ಪಟ್ಟಿ. ಅಂಗಡಿಯಲ್ಲಿ ಸಿಗುವ ಹೊಸ ಬೀಡಿಂಗ್ ಎಷ್ಟೋ ಸಲ ಮೂಲದ್ದಕ್ಕಿಂತ ದಪ್ಪ ಮತ್ತು ಗಡಸು. ಅದು ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ಬಾಗಿಲು ಉಬ್ಬಿ ನಿಂತಿದೆ ಎಂದು ಬಂದ ಕಾರುಗಳಲ್ಲಿ ಬೀಡಿಂಗ್ ಕಿತ್ತ ಕೂಡಲೇ ಗುಣವಾದವನ್ನು ನಾನು ನೋಡಿದ್ದೇನೆ. ಪೂರ್ತಿ ಬಿಚ್ಚಿಡಿ.

ಇನ್ನೊಬ್ಬ ಸ್ಟ್ರೈಕರ್, ಎಂದರೆ ಕಂಬದ ಮೇಲಿನ, ಲಾಕ್ ಹಿಡಿದುಕೊಳ್ಳುವ ತುಂಡು. ಇಳಿದ ಬಾಗಿಲನ್ನು ಇದು ಮುಚ್ಚುವಾಗ ಎತ್ತಿ ಕೂರಿಸಿ, ಎಲ್ಲವೂ ಸರಿಯಿದೆ ಎಂಬ ನಾಟಕ ಆಡುತ್ತದೆ. ಅದರ ಸುತ್ತ ಪೆನ್ಸಿಲ್ ಗೆರೆ ಎಳೆದು, ಸ್ಕ್ರೂ ಬಿಚ್ಚಿ ತೆಗೆದುಬಿಡಿ. ಈಗ ಬಾಗಿಲನ್ನು ಮೆಲ್ಲನೆ ತಳ್ಳಿ, ಕೈಬಿಟ್ಟು ನೋಡಿ. ಅದು ತಾನಾಗಿ ಎಲ್ಲಿ ನಿಲ್ಲುತ್ತದೋ ಅದೇ ಅದರ ನಿಜವಾದ ಜಾಗ.

ಇಪ್ಪತ್ತನಾಲ್ಕು ಅಂಕಿ

ಒಂದೊಂದು ಬಾಗಿಲಿಗೆ ಆರು ಕಡೆ ಅಳೆಯಿರಿ: ಮುಂಅಂಚಿನ ಮೇಲೆ ಮತ್ತು ಕೆಳಗೆ, ಹಿಂಅಂಚಿನ ಮೇಲೆ ಮತ್ತು ಕೆಳಗೆ, ಮೇಲಂಚಿನ ನಡುವೆ, ಕೆಳಅಂಚಿನ ನಡುವೆ. ನಾಲ್ಕು ಬಾಗಿಲಿಗೆ ಇಪ್ಪತ್ತನಾಲ್ಕು ಅಂಕಿ. ಅಳೆದ ಜಾಗದಲ್ಲೇ ಟೇಪ್ ಅಂಟಿಸಿ ಅದರ ಮೇಲೆ ಬರೆಯಿರಿ, ಆಮೇಲೆ ಪುಸ್ತಕಕ್ಕೆ ಇಳಿಸಿ. ಬಾಗಿಲು ಪಕ್ಕದ ತಗಡಿಗಿಂತ ಹೊರಗಿದೆಯೋ ಒಳಗಿದೆಯೋ ಎಂಬುದನ್ನೂ ಗುರುತಿಸಿ.

ನಾಲ್ಕರಿಂದ ಆರು ಮಿ.ಮೀ. ಸಂದು ಇದ್ದರೆ ಸುಖ. ಆದರೆ ಅಂಬಾಸಿಡರ್ ಹೊಸದಾಗಿದ್ದಾಗಲೂ ಇಂದಿನ ಕಾರುಗಳಷ್ಟು ಸಮನಾಗಿ ಬಂದದ್ದಲ್ಲ. ಹಾಗಾಗಿ ಸಂದು ಎಷ್ಟು ಅಗಲ ಎಂಬುದಕ್ಕಿಂತ ಅದು ಮೇಲಿನಿಂದ ಕೆಳಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಬೇಕು. ಉದ್ದಕ್ಕೂ ಏಳು ಮಿ.ಮೀ. ಇದ್ದರೆ ಚಿಂತೆಯಿಲ್ಲ. ಮೇಲೆ ಎರಡು, ಕೆಳಗೆ ಒಂಬತ್ತು ಇದ್ದರೆ ಚಿಂತೆ.

ಅಂಕಿಗಳನ್ನು ಓದುವುದು

ಇಡೀ ಕೆಲಸದ ತಿರುಳು ಇಲ್ಲಿದೆ, ಇಲ್ಲಿ ಅವಸರ ಬೇಡ.

ಕೀಲು ಸವೆದರೆ ಬಾಗಿಲ ಹಿಂತುದಿ ಕೆಳಕ್ಕೆ ಜೋಲುತ್ತದೆ. ಆಗ ಹಿಂಅಂಚಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ. ಸಿಲ್ ಸೋತು ದೇಹ ಕುಸಿದಾಗಲೂ ಹಿಂಅಂಚು ಹೀಗೆಯೇ ಕಾಣುತ್ತದೆ, ಬಾಗಿಲು ಹೀಗೆಯೇ ಇಳಿದಂತಿರುತ್ತದೆ. ಎಲ್ಲರೂ ಮೋಸಹೋಗುವುದು ಇಲ್ಲಿಯೇ. ವ್ಯತ್ಯಾಸ ಇರುವುದು ಮುಂಅಂಚಿನಲ್ಲಿ, ಕೀಲಿನ ಕಡೆ. ಕೀಲು ಸವೆದಿದ್ದರೆ ಬಾಗಿಲು ತನ್ನ ಕಂಬದಿಂದಲೇ ಓರೆಯಾಗುತ್ತದೆ, ಆದ್ದರಿಂದ ಮುಂಅಂಚಿನ ಸಂದು ಮೇಲೆ ಅಗಲ, ಕೆಳಗೆ ಕಿರಿದು. ಕುಸಿದಿರುವುದು ದೇಹವಾದರೆ ಕಂಬವೂ ಬಾಗಿಲೂ ಜೊತೆಯಾಗಿಯೇ ವಾಲುತ್ತವೆ, ಮುಂಅಂಚಿನ ಸಂದು ಕೆಡುವುದೇ ಇಲ್ಲ. ಹಿಂದೆ ಸಂದು ಓರೆ, ಮುಂದೆ ನೇರ ಎಂದಾದರೆ ಸ್ಪ್ಯಾನರನ್ನು ಕೆಳಗಿಡಿ, ಹಾಸು ಎತ್ತಿ.

ಅದೇ ಬದಿಯ ಹಿಂಬಾಗಿಲನ್ನೂ ಕೇಳಿ. ಒಂದೇ ಬಾಗಿಲು ಕೆಟ್ಟಿದ್ದರೆ ಕೀಲಿನ ಮೇಲೆ ಅನುಮಾನ, ಎರಡೂ ಒಂದೇ ರೀತಿ ಕೆಟ್ಟಿದ್ದರೆ ಸಿಲ್ ಮೇಲೆ. ಬಳಕೆಯ ಇತಿಹಾಸವೂ ಸೇರಿಕೊಳ್ಳುತ್ತದೆ. ಮನೆಯ ಕಾರಿನಲ್ಲಿ ಹೆಚ್ಚು ಸವೆಯುವುದು ಚಾಲಕನ ಕಡೆಯ ಕೀಲು, ಸರ್ಕಾರಿ ಸೇವೆಯಲ್ಲಿದ್ದ ಕಾರಿನಲ್ಲಿ ಹಿಂದಿನ ಎಡಬಾಗಿಲಿನದು. ಸಾಹೇಬರು ಕೂರುವ ಜಾಗ ಅದು.

ಸಂದು ಸುತ್ತಲೂ ಸರಿಯಿದ್ದು, ಬಾಗಿಲಿನ ಕೆಳಭಾಗ ಸಮನಾಗಿದ್ದು, ಗಾಜಿನ ಚೌಕಟ್ಟಿನ ತುದಿ ಮಾತ್ರ ಹೊರಗೆ ನಿಂತಿದ್ದರೆ ಎರಡು ಸಾಧ್ಯತೆ. ಹಿಂದೆ ಯಾರೋ ಚೌಕಟ್ಟನ್ನು ಮೊಣಕಾಲಿಟ್ಟು ಬಗ್ಗಿಸಿರಬಹುದು. ಅಥವಾ ಟಾಪೇ ಪಕ್ಕಕ್ಕೆ ವಾಲಿರಬಹುದು. ಎದುರು ಬದಿಯಲ್ಲಿ ಚೌಕಟ್ಟಿನ ತುದಿ ಅಷ್ಟೇ ಒಳಗೆ ಸರಿದಿದ್ದರೆ ಎರಡನೆಯದೇ ನಿಜ, ಕಾರು ಎಂದೋ ಪಕ್ಕದಿಂದ ಬಲವಾದ ಪೆಟ್ಟು ತಿಂದಿದೆ ಅಥವಾ ಮಗುಚಿದೆ. ಕೊಳ್ಳುವ ಮುಂಚೆಯೇ ಇದನ್ನು ನೋಡಿದರೆ ಬೆಲೆ ಮಾತಾಡುವ ಅಗತ್ಯವೇ ಬೀಳುವುದಿಲ್ಲ, ಎದ್ದು ಬರಬಹುದು.

ಕೀಲಿನ ಪರೀಕ್ಷೆ

ಬಾಗಿಲನ್ನು ಅರ್ಧ ತೆರೆದು, ಹಿಂತುದಿಯನ್ನು ಎರಡೂ ಕೈಯಿಂದ ಮೇಲಕ್ಕೂ ಕೆಳಕ್ಕೂ ಅಲುಗಾಡಿಸಿ. ಜೊತೆಗಾರರೊಬ್ಬರು ಕೀಲಿನ ಮೇಲೆ ಬೆರಳಿಟ್ಟುಕೊಂಡಿರಲಿ, ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಸಿಗುತ್ತದೆ. ಕೀಲಿನ ಎರಡು ಎಲೆಗಳ ನಡುವೆ ಆಟವಿದ್ದರೆ ಪಿನ್ ಸವೆದಿದೆ. ಇದು ಸುಲಭದ ರೋಗ, ಹೊಸ ಪಿನ್ ಮತ್ತು ಬುಷ್‌ನಿಂದ ಗುಣವಾಗುತ್ತದೆ. ಕೀಲು ಗಟ್ಟಿಯಾಗಿದ್ದು ಕಂಬದ ತಗಡೇ ಉಸಿರಾಡಿದಂತೆ ಒಳಗೆ ಹೊರಗೆ ಆಡಿದರೆ ಕಂಬದೊಳಗೆ ತುಕ್ಕು ಇದೆ ಅಥವಾ ಬಿರುಕು ಬಿಟ್ಟಿದೆ. ಕಂಬ ಅಲ್ಲಾಡದೆ ಬಾಗಿಲ ಕಡೆಯ ತಗಡು ಆಡಿದರೆ ಬಾಗಿಲಿನ ಒಳಚೌಕಟ್ಟು ಸೀಳಿದೆ. ಬಾಗಿಲ ತಳದ ನೀರಿಳಿಯುವ ತೂತುಗಳನ್ನೂ ತಂತಿಯಿಂದ ಕೆದಕಿ. ಅವು ಮುಚ್ಚಿಹೋದ ಬಾಗಿಲು ಮಳೆಗಾಲದಲ್ಲಿ ನೀರು ತುಂಬಿದ ಕೊಡ, ಕೀಲಿಗೆ ಆ ಭಾರವೂ ಸೇರುತ್ತದೆ.

ನೆಲ, ಸಿಲ್, ಜಾಕಿ

ಹಾಸು, ಅದರಡಿಯ ಸೆಣಬು, ಅಂಟಿಕೊಂಡ ಟಾರು ಎಲ್ಲ ಎತ್ತಿ. ಸಿಲ್ ಉದ್ದಕ್ಕೂ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಎಳೆಯಿರಿ. ಹಿಡಿತ ಇದ್ದಕ್ಕಿದ್ದಂತೆ ಸಡಿಲವಾದ ಜಾಗದಲ್ಲಿ ಪುಟ್ಟಿ ಇದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತಾ ಹೋಗಿ: ಒಳ್ಳೆಯ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಒಣ ಸೋರೆಕಾಯಿಯಂತೆ ಮಂಕು ಸದ್ದು ಮಾಡುತ್ತದೆ. ಮಂಕಾದ ಕಡೆ ಚುಚ್ಚಿ ನೋಡಿ. ಬಣ್ಣ ಹಾಳಾಗುತ್ತದೆಂಬ ಮರುಕ ಬೇಡ, ಅಲ್ಲಿ ಇರುವುದು ಬಣ್ಣ ಮಾತ್ರ.

ಮುಖ್ಯವಾಗಿ ನೋಡಬೇಕಾದದ್ದು ಮೂರು ಜಾಗ. ಮುಂದಿನ ಕಂಬದ ಬುಡ, ಏಕೆಂದರೆ ಮಡ್‌ಗಾರ್ಡ್ ಒಳಗೆ ಚಕ್ರ ಎರಚುವ ಕೆಸರು ಅಲ್ಲಿಯೇ ಕೂರುತ್ತದೆ. ನಡುಗಂಬದ ಬುಡ. ಮತ್ತು ನೆಲದಡಿ ಅಡ್ಡಕ್ಕೆ ಹಾದುಹೋಗುವ ತೊಲೆ. ಅಂಬಾಸಿಡರ್‌ನ ಮುಂಚಕ್ರಗಳ ಭಾರ ಹೊರುವುದು ಉದ್ದುದ್ದದ ಟಾರ್ಷನ್ ಬಾರ್‌ಗಳು (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳುಗಳು), ಅವುಗಳ ಹಿಂತುದಿ ಈ ಅಡ್ಡತೊಲೆಗೇ ಕಚ್ಚಿಕೊಂಡಿರುತ್ತದೆ. ಅಲ್ಲಿ ಬಿರುಕಿದ್ದರೆ ಕಾರು ಒಂದು ಬದಿಗೆ ವಾಲುತ್ತದೆ, ಆ ಬದಿಯ ಬಾಗಿಲು ಹೆಚ್ಚು ಕಚ್ಚುತ್ತದೆ, ಬಾರ್ ಬಿಗಿ ಮಾಡಿದರೂ ವಾಲಿಕೆ ಮರಳಿ ಬರುತ್ತದೆ. ಈ ಬಾರ್‌ಗಳಲ್ಲಿ ಸದಾ ತಿರುಚಿದ ಬಲ ತುಂಬಿರುವುದರಿಂದ ಅದನ್ನು ಬಿಚ್ಚುವ ಪ್ರಯೋಗ ಮನೆಯಲ್ಲಿ ಬೇಡ.

ಇನ್ನು ಜಾಕಿ ಪರೀಕ್ಷೆ. ಮುಂಬಾಗಿಲ ಹಿಂಅಂಚಿನ ಮೇಲ್ತುದಿಯ ಸಂದನ್ನು ಮತ್ತೆ ಅಳೆಯಿರಿ. ಸಿಲ್ ನಡುವಿನ ಜಾಕಿ ಬಿಂದುವಿಗೆ ಮರದ ಹಲಗೆ ಕೊಟ್ಟು, ಆ ಬದಿಯ ಟೈರುಗಳ ಭಾರ ಇಳಿಯುವಷ್ಟು ಮಾತ್ರ ಎತ್ತಿ, ಸಂದನ್ನು ಇನ್ನೊಮ್ಮೆ ಅಳೆಯಿರಿ. ಒಂದು ಮಿ.ಮೀ. ಒಳಗಿನ ಬದಲಾವಣೆಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ದಾಟಿದರೆ ಸಿಲ್ ಸೋತಿದೆ. ಅಷ್ಟು ಹೊತ್ತು ಕಚ್ಚುತ್ತಿದ್ದ ಬಾಗಿಲು ಎತ್ತಿದ ಕೂಡಲೇ ಹಗುರಾಗಿ ತೆರೆದು ಮುಚ್ಚಿದರೆ ಬೇರೆ ಸಾಕ್ಷಿಯೇ ಬೇಡ. ಎತ್ತುವಾಗ ಸಿಲ್ಲೇ ಕರಕರ ಎಂದು ಕುಗ್ಗಿದರೆ ತಕ್ಷಣ ಇಳಿಸಿ, ಉತ್ತರ ಸಿಕ್ಕಿದೆ.

ಕರ್ಣ ಅಳೆಯುವುದು

ಎರಡು ಕೋಲನ್ನು ಒಂದರ ಪಕ್ಕ ಒಂದು ಇಟ್ಟು, ಬಾಗಿಲ ಬಾಯಿಯ ಮೇಲಿನ ಮುಂಮೂಲೆಯಿಂದ ಕೆಳಗಿನ ಹಿಂಮೂಲೆಗೆ ಚಾಚಿ, ಟೇಪಿನಿಂದ ಬಿಗಿಯಿರಿ. ಅದನ್ನು ಹಾಗೆಯೇ ಒಯ್ದು ಎದುರು ಬದಿಯ ಅದೇ ಮೂಲೆಗಳಿಗೆ ಹಿಡಿಯಿರಿ. ಸಂಖ್ಯೆಯೇ ಬೇಡ, ಕೋಲು ಕೂರುತ್ತದೋ ಇಲ್ಲವೋ ಅಷ್ಟೇ. ಮೂರು ಮಿ.ಮೀ. ಹೆಚ್ಚುಕಡಿಮೆ ಈ ಕಾಲದ ಕಾರುಗಳಲ್ಲಿ ಕ್ಷಮ್ಯ, ಆರು ದಾಟಿದರೆ ಅಲ್ಲ. ಇನ್ನೊಂದು ಕರ್ಣವನ್ನೂ ಹಾಗೆಯೇ ನೋಡಿ. ಬಳಿಕ ಕಾರಿನೊಳಗೆ ಕೂತು, ಎಡಗಡೆಯ ಕಂಬದ ತಲೆಯಿಂದ ಬಲಗಡೆಯ ಕಂಬದ ಬುಡಕ್ಕೆ, ಆಮೇಲೆ ತಿರುವು ಮುರುವಾಗಿ. ಟಾಪ್ ಪಕ್ಕಕ್ಕೆ ವಾಲಿದ್ದರೆ ಇಲ್ಲಿ ಬಚ್ಚಿಟ್ಟುಕೊಳ್ಳಲಾರದು.

ಟಾಪ್

ಟಾಪಿನಲ್ಲಿ ಚರ್ಮ ಬೇರೆ, ಎಲುಬು ಬೇರೆ. ಮೇಲೆ ಕಾಣುವ ದೊಡ್ಡ ತಗಡು ಚರ್ಮ. ಮುಂಗಾಜಿನ ಮೇಲೆ, ಹಿಂಗಾಜಿನ ಮೇಲೆ ಮತ್ತು ಎರಡೂ ಬದಿಯಲ್ಲಿ ನೀರು ಹರಿಯುವ ದೋಣಿಯ ಒಳಗೆ ಓಡುವ ಪಟ್ಟಿಗಳು ಎಲುಬು. ತಗಡು ಒತ್ತಿದರೆ ಟಪ್ ಎಂದು ತಗ್ಗಿ ಮತ್ತೆ ಉಬ್ಬಿದರೆ ಅಥವಾ ವೇಗದಲ್ಲಿ ಡಂಗುರ ಬಾರಿಸಿದರೆ ಅದು ಚರ್ಮದ ತೊಂದರೆ, ಬಾಗಿಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಡುಗಂಬದ ನೇರಕ್ಕೆ ದೋಣಿಯಿಂದ ಹೊರಟು ಟಾಪಿನ ನಡುವಿನತ್ತ ಹರಡುವ ಸುಕ್ಕುಗಳಿದ್ದರೆ ಟಾಪ್ ಒತ್ತಡ ತಾಳಲಾರದೆ ಮಡಚಿದೆ ಎಂದರ್ಥ. ಸಂಜೆ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ, ತಗಡಿನ ಮೇಲೆ ಬೆಳಕಿನ ಗೆರೆ ಹೇಗೆ ಹರಿಯುತ್ತದೆ ನೋಡಿ. ಗೆರೆ ಒಡೆದ ಕಡೆ ಬೆರಳಿಟ್ಟರೆ ಸುಕ್ಕು ಸಿಗುತ್ತದೆ. ಎಡಬದಿಯ ಬಾಗಿಗೆ ಸರಿಯಾಗಿ ರಟ್ಟು ಕತ್ತರಿಸಿ, ಅದನ್ನೇ ಮಗುಚಿ ಬಲಬದಿಗೆ ಹಿಡಿದರೆ ಎರಡೂ ಬದಿ ಒಂದೇ ಆಕಾರವೋ ಅಲ್ಲವೋ ತಿಳಿಯುತ್ತದೆ.

ದೋಣಿಯನ್ನು ಮಾತ್ರ ಅಂಗುಲ ಅಂಗುಲವಾಗಿ ನೋಡಬೇಕು. ಮೇಲಿನ ತಗಡೂ ಬದಿಯ ಪಟ್ಟಿಯೂ ಚುಕ್ಕೆ ಬೆಸುಗೆಯಿಂದ ಕೂಡುವುದು ಅಲ್ಲಿಯೇ, ಎಲೆ ಕೊಳೆತು ನೀರು ನಿಲ್ಲುವುದೂ ಅಲ್ಲಿಯೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಎರಡು ತಗಡುಗಳ ನಡುವೆ ಅದು ಬೆಳೆದರೆ ಬೆಸುಗೆಯ ಚುಕ್ಕೆಗಳು ಒಂದೊಂದಾಗಿ ಕಿತ್ತು, ದೋಣಿ ಅಲೆಅಲೆಯಾಗಿ ಉಬ್ಬುತ್ತದೆ. ಬಣ್ಣದ ಮೇಲೆ ಸಣ್ಣ ಸಣ್ಣ ಗುಳ್ಳೆಗಳ ಸಾಲು ಕಂಡರೆ ಒಳಗೆ ಅದು ನಡೆದಿದೆ. ಟ್ಯಾಕ್ಸಿಯಾಗಿ ದುಡಿದ ಕಾರಾದರೆ ಕ್ಯಾರಿಯರಿನ ಕಾಲುಗಳು ದೋಣಿಯನ್ನು ಹಿಡಿದಿದ್ದ ಜಾಗಗಳನ್ನು ಹುಡುಕಿ. ವರ್ಷಗಟ್ಟಲೆ ಹಾಸಿಗೆ, ಟ್ರಂಕು, ಹಲಸಿನಕಾಯಿ ಹೊತ್ತ ದೋಣಿ ಅಲ್ಲಿ ಕೆಳಕ್ಕೆ ಬಾಗಿರುತ್ತದೆ, ಬಾಗಿಲ ಮೇಲಂಚಿನ ಸಂದು ಅಷ್ಟರಲ್ಲೇ ಕಿರಿದಾಗಿರುತ್ತದೆ.

ಒಳಗಿನ ಎಲುಬು ನೋಡಲು ಟಾಪಿನ ಬಟ್ಟೆ ಕೀಳಬೇಕಿಲ್ಲ. ಒಳದೀಪವನ್ನು ಬಿಚ್ಚಿ, ಆ ತೂತಿನಿಂದ ಮೊಬೈಲ್‌ಗೆ ಸೇರಿಸುವ ಕೊಳವೆ ಕ್ಯಾಮೆರಾ ತೂರಿಸಿ. ಮುಂಗಾಜಿನ ಮೇಲಿನ ಮೂಲೆಗಳಲ್ಲಿ ಬಟ್ಟೆಗೆ ಚಹಾ ಬಣ್ಣದ ಕಲೆಯಿದ್ದರೆ ಆ ಮೂಲೆಗೇ ಮೊದಲು ಹೋಗಿ. ಮುಂಗಾಜು ಕಾರಣವಿಲ್ಲದೆ ಒಂದೇ ಮೂಲೆಯಲ್ಲಿ ಮತ್ತೆ ಮತ್ತೆ ಬಿರಿದಿದ್ದರೆ ಆ ಚೌಕಟ್ಟು ತಿರುಚಿಕೊಂಡಿದೆ. ಕಂಬ ಟಾಪಿಗೆ ಸೇರುವ ಕಡೆ ಬಣ್ಣದಲ್ಲಿ ಕೂದಲೆಳೆಯ ಬಿರುಕು ಕಂಡರೆ ಅಯಸ್ಕಾಂತ ಹಿಡಿಯಿರಿ. ಪುಟ್ಟಿ ಮಾತ್ರ ಬಿರಿದಿರಬಹುದು, ಅಡಿಯ ತಗಡೂ ಬಿರಿದಿರಬಹುದು.

ಕೊನೆಗೆ ನೀರು. ಬೀಡಿಂಗ್ ಮತ್ತೆ ಹಾಕಿ, ದಿನಪತ್ರಿಕೆಯ ಪಟ್ಟಿಯನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದ ಕಡೆ ಹಿಡಿತವಿಲ್ಲ. ಆಮೇಲೆ ಪೈಪಿನಿಂದ ನೀರು ಬಿಡಿ, ಕೆಳಗಿನಿಂದ ಶುರುಮಾಡಿ ಮೆಲ್ಲನೆ ಮೇಲಕ್ಕೆ. ಮೇಲಿನಿಂದ ಸುರಿದರೆ ಎಲ್ಲಿ ಸೋರುತ್ತಿದೆ ಎಂಬುದು ಗೊತ್ತೇ ಆಗುವುದಿಲ್ಲ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಕಡೆಯ ಕಾರಿಗೆ ಈ ಪರೀಕ್ಷೆ ಮೊದಲು, ಬಳ್ಳಾರಿ, ವಿಜಯಪುರದ ಒಣ ಸೀಮೆಯ ಕಾರಿಗೆ ಕೊನೆಗೆ. ಅಲ್ಲಿ ತುಕ್ಕಿಗಿಂತ ಬಿಸಿಲಿಗೆ ಸೀಳಿದ ರಬ್ಬರ್ ಮತ್ತು ದೂಳು ತುಂಬಿದ ತೂತುಗಳೇ ಹೆಚ್ಚು.

ಟಿಂಕರಿಗೆ ಏನು ಹೇಳಬೇಕು

ರಿಪೇರಿಯ ಕ್ರಮ ನೆಲದಿಂದ ಮೇಲಕ್ಕೆ: ಅಡ್ಡತೊಲೆ ಮತ್ತು ಸಿಲ್, ಕಂಬದ ಬುಡ, ಟಾಪಿನ ಅಂಚು, ಆಮೇಲೆ ಕೀಲು, ಆಮೇಲೆ ಸ್ಟ್ರೈಕರ್, ಎಲ್ಲಕ್ಕಿಂತ ಕೊನೆಗೆ ಬೀಡಿಂಗ್. ಸಿಲ್ ಕತ್ತರಿಸುವ ಮುಂಚೆ ಬಾಗಿಲ ಬಾಯಿಗೆ ಅಡ್ಡ ಮತ್ತು ಓರೆ ಪೈಪುಗಳನ್ನು ತಾತ್ಕಾಲಿಕವಾಗಿ ಬೆಸೆಯಲೇಬೇಕು. ಇಲ್ಲವಾದರೆ ಕತ್ತರಿಸಿದ ಕ್ಷಣದಲ್ಲೇ ದೇಹ ಕುಸಿದು, ಹೊಸ ಸಿಲ್ ಆ ಕುಸಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಒಮ್ಮೆಗೆ ಒಂದೇ ಬದಿ ಕತ್ತರಿಸಬೇಕು. ನಾಲ್ಕಾರು ಚುಕ್ಕೆ ಬೆಸೆದ ಮೇಲೆ ಪೈಪು ಬಿಡಿಸಿ ಬಾಗಿಲು ಮುಚ್ಚಿ ನೋಡಿ, ಸರಿಯಿದ್ದರೆ ಮಾತ್ರ ಪೂರ್ತಿ ಬೆಸುಗೆ. ಬ್ಯಾಟರಿ ತಂತಿ ಕಳಚಿ, ಪೆಟ್ರೋಲ್ ಪೈಪು ಎಲ್ಲಿ ಹಾದಿದೆ ನೋಡಿಕೊಳ್ಳಲಿ.

ದಪ್ಪ ಆಂಗಲ್ ಕಬ್ಬಿಣ ಹಾಕಿಬಿಡೋಣ, ನೂರು ವರ್ಷ ಬರುತ್ತದೆ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ತೆಳು ತಗಡಿನ ಪಕ್ಕ ದಪ್ಪ ಕಬ್ಬಿಣ ಬಿಗಿದರೆ ಬೆಸುಗೆಯ ಅಂಚಿನಲ್ಲೇ ಮುಂದಿನ ಬಿರುಕು ಹುಟ್ಟುತ್ತದೆ. ಇನ್ನೊಂದು ಕಾರಣ ಕಾಗದಪತ್ರದ್ದು: 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಅದು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಎಪ್ಪತ್ತರ ದಶಕದ ಅಂಬಾಸಿಡರ್‌ಗಳು ಈಗ ಆ ವಯಸ್ಸಿಗೆ ಕಾಲಿಡುತ್ತಿವೆ. ಮೂಲ ದಪ್ಪದ ತಗಡು, ಮೂಲ ಆಕಾರ, ಕೆಲಸದ ಮುಂಚಿನ ಮತ್ತು ನಂತರದ ಫೋಟೊ ಇಟ್ಟುಕೊಳ್ಳಿ.

ಇಪ್ಪತ್ತನಾಲ್ಕು ಅಂಕಿಗಳನ್ನು ಬೆಸುಗೆ ಮುಗಿದ ದಿನ ಮತ್ತೆ ಅಳೆಯಿರಿ, 500 ಕಿ.ಮೀ. ಓಡಿಸಿ ಮತ್ತೊಮ್ಮೆ, ಒಂದು ಮಳೆಗಾಲ ಕಳೆದು ಇನ್ನೊಮ್ಮೆ. ನನ್ನ ಪುಸ್ತಕದಲ್ಲಿ ಚಾಲಕನ ಬಾಗಿಲ ಹಿಂಅಂಚು ಮೊದಲು ಮೇಲೆ 2, ಕೆಳಗೆ 9 ಇತ್ತು. ಈಗ ಮೇಲೆ 5, ಕೆಳಗೆ 6. ಆ ಒಂದು ಮಿ.ಮೀ. ತೆಗೆಯಲು ಕೀಲಿಗೆ ತೆಳು ಶಿಮ್ (ತಗಡಿನ ಚೂರು) ಕೊಡೋಣವೇ ಎಂದು ಟಿಂಕರ್ ಕೇಳಿದರು. ಬೇಡ ಎಂದೆ.